ದೀಕ್ಷೆಯ ನಂತರದ ಎಂಟು ವರ್ಷ: ಪಂಡಿತಾ ರಮಾಬಾಯಿಯವರ ಬದುಕಿನಲ್ಲಿ ಕಷ್ಟ, ನಂಬಿಕೆ ಮತ್ತು ಶಾಂತಿ

ಸಂಸ್ಕೃತ ವಿದುಷಿಯೂ ವಿಧವೆಯರಿಗಾಗಿ ಶಾಲೆ ಕಟ್ಟಿದವರೂ ಆದ ಪಂಡಿತಾ ರಮಾಬಾಯಿಯವರು ಕ್ರೈಸ್ತ ದೀಕ್ಷಾಸ್ನಾನ ಪಡೆದದ್ದು 1883ರ ಸೆಪ್ಟೆಂಬರ್ 29ರಂದು, ಇಂಗ್ಲೆಂಡಿನ ವಾಂಟೇಜ್ ಎಂಬ ಊರಿನಲ್ಲಿ. ಆದರೆ 1907ರಲ್ಲಿ, ಐವತ್ತರ ಹೊಸ್ತಿಲಲ್ಲಿ ನಿಂತು ತಮ್ಮ ಆತ್ಮಿಕ ಜೀವನದ ಸಾಕ್ಷಿಯನ್ನು ಬರೆದು ಪ್ರಕಟಿಸಿದಾಗ ಅವರು ಆ ದಿನವನ್ನು ತಮ್ಮ ಹುಡುಕಾಟದ ಕೊನೆಯೆಂದು ಕರೆಯಲಿಲ್ಲ. ತಮಗೆ ಆಗ ದೊರೆತದ್ದು ಕ್ರೈಸ್ತ ಧರ್ಮವೇ ಹೊರತು ಆ ಧರ್ಮಕ್ಕೆ ಜೀವವಾಗಿರುವ ಕ್ರಿಸ್ತನಲ್ಲ, ಈ ಸಂಗತಿ ತಮಗೆ ಅರಿವಾದದ್ದು ದೀಕ್ಷೆಯಾಗಿ ಎಂಟು ವರ್ಷಗಳು ಕಳೆದ ಮೇಲೆ, ಎಂದು ಅವರು ಬರೆದರು. ಈ ಅಧ್ಯಯನದ ವಸ್ತು ಆ ಎಂಟು ವರ್ಷಗಳು ಮತ್ತು ಅವುಗಳ ಹಿಂದೆ ಮುಂದೆ ಇದ್ದ ಬದುಕು. 1891ರ ಸುಮಾರಿನಲ್ಲಿ ಅವರೊಳಗೆ ಏನೋ ಬದಲಾಯಿತು, ಹೊರಗಿನ ಕಷ್ಟಗಳು ಮಾತ್ರ ಬದಲಾಗಲಿಲ್ಲ. ಕೆಲವು ಇನ್ನಷ್ಟು ಹೆಚ್ಚಿದವು. ಹಾಗಿದ್ದರೆ ಅವರಿಗೆ ದೊರೆತ ಶಾಂತಿ ಯಾವ ಬಗೆಯದು, ಅದು ಅವರ ನಡೆಯಲ್ಲಿ ಹೇಗೆ ಕಾಣಿಸಿಕೊಂಡಿತು ಎಂಬುದೇ ಇಲ್ಲಿನ ಪ್ರಶ್ನೆ.

ಈ ಪ್ರಕರಣವನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ನಮ್ಮ ಸಭೆಗಳಲ್ಲಿ ಕೇಳಿಬರುವ ಸಾಕ್ಷಿಗಳು ಬಹುಮಟ್ಟಿಗೆ ಒಂದೇ ಅಚ್ಚಿನವು: ಮೊದಲು ಕಷ್ಟ, ನಂತರ ನಂಬಿಕೆ, ಕೊನೆಗೆ ಕಷ್ಟದ ಪರಿಹಾರ. ಕಾಯಿಲೆ ವಾಸಿಯಾಗದವರು, ಸಾಲ ತೀರದವರು, ಮಕ್ಕಳನ್ನು ಮಣ್ಣು ಮಾಡಿ ಬಂದವರು ಅಂಥ ಸಾಕ್ಷಿಗಳನ್ನು ಕೇಳಿ, ತಮ್ಮ ನಂಬಿಕೆಯಲ್ಲಿಯೇ ಏನೋ ಕೊರತೆಯಿದೆಯೆಂದು ಕುಗ್ಗಿ ಮನೆಗೆ ಮರಳುತ್ತಾರೆ. ರಮಾಬಾಯಿಯವರ ಬದುಕು ಆ ಅಚ್ಚಿಗೆ ಹೊಂದುವುದಿಲ್ಲ. ಅವರು ತಾವೇ ಬರೆದಿಟ್ಟ ಬರಹಗಳು ಮತ್ತು ಪತ್ರಗಳು ಉಳಿದಿರುವುದರಿಂದ, ಅವರ ಒಳಬದುಕನ್ನು ಊಹೆಯಿಂದಲ್ಲದೆ ಅವರ ಮಾತಿನಿಂದಲೇ ಪರಿಶೀಲಿಸಬಹುದು. ಅವರು ನಮ್ಮ ನೆಲದಲ್ಲಿ ಹುಟ್ಟಿದವರೆಂಬುದೂ ಕನ್ನಡಿಗರು ಅವರನ್ನು ಗಮನವಿಟ್ಟು ಓದಲು ಒಂದು ಕಾರಣ.

ಹುಟ್ಟು, ಅಲೆದಾಟ, ಕ್ಷಾಮ

ರಮಾಬಾಯಿಯವರು 1858ರ ಏಪ್ರಿಲ್ 23ರಂದು ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ, ತುಂಗಾ, ಭದ್ರಾ ಮತ್ತು ನೇತ್ರಾವತಿ ನದಿಗಳು ಹುಟ್ಟುವ ಕಾಡಿನ ಸೀಮೆಯಲ್ಲಿ ಜನಿಸಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಬಳಿಯ ಮಾಳದ ಚಿತ್ಪಾವನ ಬ್ರಾಹ್ಮಣ ಮನೆತನಕ್ಕೆ ಸೇರಿದವರು. ಪುಣೆಯಲ್ಲಿ ವಿದ್ಯಾರ್ಥಿಯಾಗಿದ್ದಾಗ, ತಮ್ಮ ಗುರುಗಳು ಪೇಶ್ವೆಯ ಮನೆಯ ಹೆಣ್ಣುಮಗಳಿಗೆ ಸಂಸ್ಕೃತ ಕಲಿಸುತ್ತಿದ್ದುದನ್ನು ಕಂಡ ಅವರು, ತಮ್ಮ ಹೆಂಡತಿಗೂ ಕಲಿಸಬೇಕೆಂದು ನಿಶ್ಚಯಿಸಿದರು. ಊರಿನಲ್ಲಿ ಅದಕ್ಕೆ ವಿರೋಧ ಬಂದಾಗ ಮಡದಿ ಲಕ್ಷ್ಮೀಬಾಯಿಯವರೊಂದಿಗೆ ಕಾಡು ಸೇರಿ, ಅಲ್ಲಿಯೇ ಮನೆ ಕಟ್ಟಿ, ಆಕೆಗೆ ಸಂಸ್ಕೃತ ಕಲಿಸಿದರು. ಆ ತಾಯಿಯೇ ಮುಂದೆ ಮಗಳಿಗೆ ಪಾಠ ಹೇಳಿದಳು. ಹನ್ನೆರಡು ವರ್ಷ ತುಂಬುವ ಹೊತ್ತಿಗೆ ರಮಾಬಾಯಿಯವರಿಗೆ ಭಾಗವತದ 18,000 ಶ್ಲೋಕಗಳು ಬಾಯಿಪಾಠವಾಗಿದ್ದವು.

ಮಗುವಿಗೆ ಆರು ತಿಂಗಳಾದಾಗಲೇ ಕುಟುಂಬವು ಗಂಗಾಮೂಲವನ್ನು ಬಿಟ್ಟು ಯಾತ್ರೆಗೆ ಹೊರಟಿತು. ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ, ಆಳಿನ ತಲೆಯ ಮೇಲೆ ಹೊರಿಸಿ ಆ ಮಗುವನ್ನು ಘಟ್ಟದಿಂದ ಇಳಿಸಿದರು. ಅಲ್ಲಿಂದ ಮುಂದೆ ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆಯುವುದು, ದೇವಸ್ಥಾನದ ಆವರಣದಲ್ಲಿ ಕುಳಿತು ಪುರಾಣ ಓದುವುದು, ಕೇಳುಗರು ಇಟ್ಟ ಅಕ್ಕಿ, ಹಣ್ಣು, ಕಾಸುಗಳಿಂದ ಜೀವಿಸುವುದು ಅವರ ನಿತ್ಯದ ಬದುಕಾಯಿತು. 1870ರ ದಶಕದಲ್ಲಿ ಮದರಾಸು ಪ್ರಾಂತ್ಯವನ್ನು ಕ್ಷಾಮ ಆವರಿಸಿದಾಗ ಪುರಾಣ ಕೇಳುವವರ ಕೈಯೂ ಬರಿದಾಯಿತು. ಒಡವೆ, ಬಟ್ಟೆ, ಪಾತ್ರೆಗಳೆಲ್ಲ ಮಾರಾಟವಾದವು. ಕೊನೆಯ ಹಿಡಿ ಅಕ್ಕಿಯೂ ಮುಗಿದಾಗ, ಜನರ ಕಣ್ಣೆದುರು ಸಾಯುವುದಕ್ಕಿಂತ ಕಾಡಿನಲ್ಲಿ ಸಾಯುವುದು ಲೇಸೆಂದು ತೀರ್ಮಾನಿಸಿ ಕುಟುಂಬವೇ ಕಾಡು ಹೊಕ್ಕಿತು. ಹನ್ನೊಂದು ಹಗಲು, ಹನ್ನೊಂದು ರಾತ್ರಿ ನೀರು, ಎಲೆ ಮತ್ತು ಒಂದಿಷ್ಟು ಕಾಡು ಖರ್ಜೂರದಲ್ಲಿ ಜೀವ ಹಿಡಿದುಕೊಂಡಿದ್ದರು. ವೃದ್ಧರೂ ಹೆಚ್ಚುಕಡಿಮೆ ಕುರುಡರೂ ಆಗಿದ್ದ ತಂದೆ ಜಲಸಮಾಧಿಯಾಗಲು ಸಿದ್ಧರಾಗಿ, ಕಿರಿಯ ಮಗಳನ್ನು ತಬ್ಬಿಕೊಂಡು, ನಿನ್ನನ್ನು ದೇವರ ಕೈಗೆ ಒಪ್ಪಿಸಿದ್ದೇನೆ, ನೀನು ಅವನವಳೇ ಆಗಿರಬೇಕು, ಬದುಕಿರುವಷ್ಟು ಕಾಲ ಅವನ ಸೇವೆಯನ್ನೇ ಮಾಡಬೇಕು ಎಂಬ ಅರ್ಥದ ಮಾತುಗಳನ್ನಾಡಿದರು. ಮಗ ಶ್ರೀನಿವಾಸನು ತಾನು ಜಾತಿಯ ಅಭಿಮಾನವನ್ನು ಬಿಟ್ಟು ಕೂಲಿ ಮಾಡಿಯಾದರೂ ಎಲ್ಲರನ್ನು ಸಾಕುತ್ತೇನೆಂದು ಮುಂದೆ ಬಂದದ್ದರಿಂದ ಆ ಜಲಸಮಾಧಿ ತಪ್ಪಿತು. ಆದರೆ ಹಸಿವಿನಿಂದ ಸೋತಿದ್ದ ತಂದೆ ಸ್ವಲ್ಪ ಕಾಲದಲ್ಲೇ ತೀರಿಕೊಂಡರು. ಕೆಲವೇ ತಿಂಗಳುಗಳ ಅಂತರದಲ್ಲಿ ತಾಯಿಯೂ ಅಕ್ಕನೂ ಹೋದರು.

ತಾಯಿಯ ಕೊನೆಯ ದಿನಗಳ ಒಂದು ಘಟನೆಯನ್ನು ರಮಾಬಾಯಿಯವರು 1897ರಲ್ಲಿ ಬರೆದ ಕ್ಷಾಮದ ನೆನಪುಗಳಲ್ಲಿ ದಾಖಲಿಸಿದ್ದಾರೆ. ಈ ಪ್ರಕರಣದಲ್ಲಿ ನಾನು ಅತ್ಯಂತ ಮಹತ್ವದ್ದೆಂದು ಎಣಿಸುವ ಘಟನೆ ಅದು. ಜ್ವರದಲ್ಲಿ ಬಳಲುತ್ತಿದ್ದ ತಾಯಿ ಒಂದು ತುಂಡು ಸಜ್ಜೆ ರೊಟ್ಟಿಗಾಗಿ ಹಂಬಲಿಸಿದಾಗ, ಮಗಳು ನೆರೆಯ ಮನೆಯ ಬಾಗಿಲಿಗೆ ಹೋಗಿ ನಿಂತಳು. ಆ ಮನೆಯಾಕೆ ಪ್ರೀತಿಯಿಂದಲೇ ಮಾತನಾಡಿಸಿದಳು. ಆದರೂ ಈ ಹುಡುಗಿಗೆ ಬೇಡಲು ಬಾಯಿ ಬರಲಿಲ್ಲ. ಕಣ್ಣೀರು ಸುರಿಯಿತೇ ಹೊರತು ಮಾತು ಹೊರಡಲಿಲ್ಲ. ಅಣ್ಣನೇ ಬಂದು ಕೇಳಿ ರೊಟ್ಟಿ ಪಡೆಯಬೇಕಾಯಿತು. ಅಷ್ಟು ಹೊತ್ತಿಗೆ ತಾಯಿಗೆ ಅದನ್ನು ನುಂಗುವ ಶಕ್ತಿಯೂ ಉಳಿದಿರಲಿಲ್ಲ. ತಾಯಿ ಸತ್ತಾಗ ಹೆಣ ಹೊರಲು ಇಬ್ಬರು ಬ್ರಾಹ್ಮಣರಷ್ಟೇ ಒಪ್ಪಿದ್ದರಿಂದ ಅಣ್ಣನ ಜೊತೆ ತಂಗಿಯೂ ಚಟ್ಟಕ್ಕೆ ಹೆಗಲು ಕೊಡಬೇಕಾಯಿತು. ಎತ್ತರ ಸಾಲದ ಕಾರಣ ಆಕೆ ತನ್ನ ಪಾಲಿನ ಭಾರವನ್ನು ತಲೆಯ ಮೇಲೆ ಹೊತ್ತಳು. ಕುಟುಂಬವು ಹಾಗೆ ನಾಶವಾದದ್ದಕ್ಕೆ ಕ್ಷಾಮ ಮಾತ್ರವಲ್ಲ, ದುಡಿಯಲೂ ಬೇಡಲೂ ಬಿಡದ ಜಾತಿಯ ಮತ್ತು ವಿದ್ಯೆಯ ಹೆಮ್ಮೆಯೂ ಕಾರಣವಾಗಿತ್ತೆಂದು ಅವರು ಮುಂದೆ ಮುಚ್ಚುಮರೆಯಿಲ್ಲದೆ ಬರೆದರು. ತನ್ನ ಯೋಗ್ಯತೆಯನ್ನು ಉಳಿಸಿಕೊಳ್ಳಬೇಕೆಂಬ ಹಟ ಜೀವಕ್ಕಿಂತ ದೊಡ್ಡದಾದಾಗ ಏನಾಗುತ್ತದೆ ಎಂಬುದನ್ನು ಅವರು ಹದಿನಾರರ ಹರೆಯದಲ್ಲಿ ಕಂಡರು. ಅವರ ಮುಂದಿನ ನಂಬಿಕೆಯ ಪ್ರಶ್ನೆಗಳೆಲ್ಲ ಈ ಗಾಯದ ಸುತ್ತಲೇ ಬೆಳೆದವೆಂದು ನನ್ನ ತೀರ್ಮಾನ.

ಕಲ್ಕತ್ತೆಯಿಂದ ವಾಂಟೇಜಿಗೆ

ಉಳಿದ ಇಬ್ಬರು, ಅಣ್ಣ ಮತ್ತು ತಂಗಿ, ಉತ್ತರ ಭಾರತದ ಉದ್ದಕ್ಕೂ ಸಾವಿರಾರು ಮೈಲಿ ಕಾಲ್ನಡಿಗೆಯಲ್ಲಿ ಅಲೆದರು. ಪಂಜಾಬಿನ ಚಳಿಯಲ್ಲಿ ಹೊದೆಯಲು ಏನೂ ಇಲ್ಲದೆ, ಝೇಲಂ ನದಿಯ ದಂಡೆಯಲ್ಲಿ ಗುಂಡಿ ತೋಡಿ, ಮೈಮೇಲೆ ಮರಳು ಎಳೆದುಕೊಂಡು ರಾತ್ರಿ ಕಳೆದರು. ಹೇಳಿದ ವ್ರತಗಳನ್ನೆಲ್ಲ ಮಾಡಿದರೂ ದೇವತೆಗಳು ಒಲಿಯಲಿಲ್ಲವೆಂಬ ನಿರಾಶೆಯಿಂದ ಅವರ ಹಳೆಯ ವಿಶ್ವಾಸ ಸಡಿಲವಾಯಿತು. 1878ರಲ್ಲಿ ಕಲ್ಕತ್ತೆ ತಲುಪಿದಾಗ ಅಲ್ಲಿನ ವಿದ್ವಾಂಸರು ಈ ತರುಣಿಯನ್ನು ಪರೀಕ್ಷಿಸಿ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದುಗಳನ್ನಿತ್ತು ಗೌರವಿಸಿದರು. ಅಣ್ಣತಂಗಿಯರು ಮೊದಲ ಬಾರಿಗೆ ಕ್ರೈಸ್ತರ ಕೂಟವೊಂದನ್ನು ಕಂಡದ್ದೂ ಅಲ್ಲಿಯೇ. ಸೇರಿದವರೆಲ್ಲ ಕುರ್ಚಿಗಳ ಮುಂದೆ ಮೊಣಕಾಲೂರಿದ್ದನ್ನು ನೋಡಿ, ಇವರು ಕುರ್ಚಿಗಳನ್ನು ಪೂಜಿಸುತ್ತಾರೆಂದೇ ಅವರು ತಿಳಿದರಂತೆ. ಕೈಗೆ ಬಂದ ಸಂಸ್ಕೃತದ ಸತ್ಯವೇದವೂ ಅವರಿಗೆ ಹಿಡಿಸಲಿಲ್ಲ.

ಅದಕ್ಕಿಂತ ಆಳವಾದ ಆಘಾತ ತಮ್ಮದೇ ಗ್ರಂಥಗಳಿಂದ ಬಂತು. ಅಂತಃಪುರದ ಹೆಂಗಸರಿಗೆ ಸ್ತ್ರೀಧರ್ಮದ ಬಗ್ಗೆ ಉಪನ್ಯಾಸ ಕೊಡಬೇಕೆಂದು ಕೇಳಿದಾಗ ಅವರು ಧರ್ಮಶಾಸ್ತ್ರಗಳನ್ನು ಗಮನವಿಟ್ಟು ಓದಿದರು. ಬೇರೆಲ್ಲ ವಿಷಯಗಳಲ್ಲಿ ಒಂದಕ್ಕೊಂದು ಹೊಂದದ ಆ ಗ್ರಂಥಗಳು ಒಂದು ವಿಷಯದಲ್ಲಿ ಮಾತ್ರ ಒಮ್ಮತದಿಂದಿದ್ದಂತೆ ಅವರಿಗೆ ಕಂಡಿತು: ಹೆಣ್ಣು ಹೆಣ್ಣಾಗಿರುವವರೆಗೆ ಮೋಕ್ಷಕ್ಕೆ ಅರ್ಹಳಲ್ಲ, ಪುಣ್ಯ ಕೂಡಿಸಿ, ಮುಂದಿನ ಜನ್ಮಗಳಲ್ಲಿ ಮೇಲ್ಜಾತಿಯ ಗಂಡಾಗಿ ಹುಟ್ಟಿದ ಮೇಲಷ್ಟೇ ಅವಳಿಗೆ ದಾರಿ ತೆರೆಯುತ್ತದೆ. ಇದು ರಮಾಬಾಯಿಯವರ ಓದು. ಆ ಗ್ರಂಥಗಳನ್ನು ಬೇರೆ ಬಗೆಯಲ್ಲಿ ಓದಿದವರೂ ಇದ್ದಾರೆ. ಆದರೆ ಹದಿನೆಂಟು ಸಾವಿರ ಶ್ಲೋಕ ಬಲ್ಲವಳಾಗಿಯೂ ತಾನು ಬಾಗಿಲ ಹೊರಗೇ ಉಳಿಯಬೇಕೆಂಬ ಅರಿವು ಅವರಿಗೆ ಎಂಥ ನೋವು ಕೊಟ್ಟಿರಬೇಕೆಂಬುದನ್ನು ಅಳೆಯದೆ ಮುಂದಿನದು ಅರ್ಥವಾಗದು.

1880ರಲ್ಲಿ ಢಾಕಾದಲ್ಲಿ ಅಣ್ಣ ತೀರಿಕೊಂಡರು. ಅದೇ ವರ್ಷ ರಮಾಬಾಯಿಯವರು ಬಿಪಿನ್ ಬಿಹಾರಿ ಮೇಧಾವಿ ಎಂಬ ಬಂಗಾಳಿ ವಕೀಲರನ್ನು, ಜಾತಿಯ ಗೆರೆಯನ್ನು ದಾಟಿ, ನಾಗರಿಕ ಕಾನೂನಿನ ಪ್ರಕಾರ ಮದುವೆಯಾದರು. 1881ರಲ್ಲಿ ಮಗಳು ಮನೋರಮಾ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಗಂಡ ಕಾಲರಾಕ್ಕೆ ತುತ್ತಾದರು. ಮದುವೆಗೆ ಎರಡು ವರ್ಷವೂ ತುಂಬಿರಲಿಲ್ಲ. ಅಸ್ಸಾಮಿನ ಸಿಲ್ಚರಿನ ಆ ಮನೆಯ ಪುಸ್ತಕಗಳ ನಡುವೆ ಅವರಿಗೆ ಬಂಗಾಳಿ ಭಾಷೆಯ ಲೂಕನ ಸುವಾರ್ತೆ ಸಿಕ್ಕಿತ್ತು. ಅಲ್ಲಿಗೆ ಬರುತ್ತಿದ್ದ ಬ್ಯಾಪ್ಟಿಸ್ಟ್ ಮಿಶನರಿಯೊಬ್ಬರು ಆದಿಕಾಂಡದ ಸೃಷ್ಟಿಯ ಕಥೆಯನ್ನು ವಿವರಿಸಿದ್ದರು. ಕ್ರೈಸ್ತಳಾಗುವ ಆಸೆಯನ್ನು ಅವರು ತೋಡಿಕೊಂಡಾಗ ಗಂಡನಿಗೆ ಅದು ಹಿಡಿಸಿರಲಿಲ್ಲ. ಹೀಗೆ ಸುವಾರ್ತೆ ಅವರ ಕೈ ಸೇರಿದ್ದು ವಿಧವೆಯಾಗುವುದಕ್ಕೆ ಮೊದಲೇ. ದಿಕ್ಕಿಲ್ಲದ ವಿಧವೆ ಅನ್ನಕ್ಕಾಗಿ ಮತಾಂತರವಾದಳೆಂಬ ಮಾತು ಅಂದಿನಿಂದ ಇಂದಿನವರೆಗೆ ಕೇಳಿಬರುತ್ತಿರುವುದರಿಂದ ಈ ಕ್ರಮವನ್ನು ನೆನಪಿನಲ್ಲಿಡುವುದು ಅಗತ್ಯ.

ಪುಣೆಗೆ ಬಂದು, 1882ರಲ್ಲಿ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿ, ಹಂಟರ್ ಶಿಕ್ಷಣ ಆಯೋಗದ ಮುಂದೆ ಹೇಳಿಕೆಯನ್ನೂ ಕೊಟ್ಟ ಅವರು ಮರುವರ್ಷ ವೈದ್ಯಕೀಯ ಕಲಿಯುವ ಉದ್ದೇಶದಿಂದ ಇಂಗ್ಲೆಂಡಿಗೆ ಹೊರಟರು. ಕಿವಿ ಮಂದವಾಗುತ್ತ ಬಂದದ್ದರಿಂದ ಆ ದಾರಿ ಮುಚ್ಚಿತು. ಜೊತೆಗೆ ಹೋಗಿದ್ದ ಗೆಳತಿ ವಾಂಟೇಜಿನಲ್ಲಿ ತಾನಾಗಿ ಪ್ರಾಣ ಕಳೆದುಕೊಂಡಳು. ಅವರನ್ನು ಇರಿಸಿಕೊಂಡಿದ್ದ ಆಂಗ್ಲಿಕನ್ ಧರ್ಮಸಹೋದರಿಯರು ಲಂಡನ್ನಿನ ಫುಲ್ಹಮ್‌ನಲ್ಲಿದ್ದ, ಸಮಾಜ ತಿರಸ್ಕರಿಸಿದ ಹೆಂಗಸರ ಆಶ್ರಯಮನೆಗೆ ಅವರನ್ನು ಕರೆದೊಯ್ದರು. ಅಂಥವರನ್ನು ಶಿಕ್ಷಿಸಬೇಕೆಂಬ ಶಾಸ್ತ್ರವನ್ನಷ್ಟೇ ಓದಿದ್ದ ರಮಾಬಾಯಿಯವರಿಗೆ ಅವರನ್ನು ಪ್ರೀತಿಯಿಂದ ಸಲಹುವ ಕೈಗಳು ಹೊಸದಾಗಿದ್ದವು. ಕಾರಣ ಕೇಳಿದಾಗ ಸಹೋದರಿಯೊಬ್ಬರು ಯೋಹಾನನ ಸುವಾರ್ತೆಯ 4ನೆಯ ಅಧ್ಯಾಯವನ್ನು, ಸಮಾರ್ಯದ ಸ್ತ್ರೀ ಬಾವಿಯ ಬಳಿ ಯೇಸುವನ್ನು ಕಂಡ ಪ್ರಸಂಗವನ್ನು ಓದಿ ಹೇಳಿದರು. ಹೆಣ್ಣನ್ನು ಮೇಲೆತ್ತಬಲ್ಲವನು ಈತನೇ ಎಂದು ಅವರಿಗೆ ಅನಿಸಿತು. ಅದಾದ ಮೇಲೆ ತಾಯಿ ಮಗಳಿಬ್ಬರೂ ದೀಕ್ಷಾಸ್ನಾನ ಪಡೆದರು.

ಶಾಂತಿಯಿಲ್ಲದ ಎಂಟು ವರ್ಷ

ದೀಕ್ಷೆಯ ನಂತರದ ಪತ್ರಗಳಲ್ಲಿ ಕಾಣುವವರು ನೆಮ್ಮದಿಯ ಭಕ್ತೆಯಲ್ಲ, ಹೋರಾಡುತ್ತಿರುವ ಜಿಜ್ಞಾಸು. 1884ರಿಂದ 1886ರವರೆಗೆ ಅವರು ಚೆಲ್ಟೆನ್‌ಹ್ಯಾಮ್ ಮಹಿಳಾ ಕಾಲೇಜಿನಲ್ಲಿ ಓದುತ್ತಲೂ ಕಲಿಸುತ್ತಲೂ ಇದ್ದರು. ವಾಂಟೇಜಿನ ಸಿಸ್ಟರ್ ಜೆರಾಲ್ಡಿನ್ ಮತ್ತು ಕಾಲೇಜಿನ ಮುಖ್ಯಸ್ಥೆ ಡೊರೊಥಿಯಾ ಬೀಲ್ ಅವರೊಂದಿಗೆ ತ್ರಯೈಕ್ಯದ (ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರೆಂಬ ಬೋಧೆಯ) ಬಗ್ಗೆ, ಅದ್ಭುತಗಳ ಬಗ್ಗೆ, ಸಭೆಯ ಅಧಿಕಾರದ ಬಗ್ಗೆ ವರ್ಷಗಟ್ಟಲೆ ವಾದಿಸಿದರು. ಅವರು ಗಂಡು ವಿದ್ಯಾರ್ಥಿಗಳಿಗೆ ಪಾಠ ಹೇಳುವುದು ಭಾರತದಲ್ಲಿ ಅವರ ಹೆಸರಿಗೆ ಕುಂದು ತರುತ್ತದೆಂದು ಬಿಷಪ್ಪರು ತಡೆದಾಗ ಅವರಿಗೆ ಅಚ್ಚರಿಯೂ ನೋವೂ ಆಯಿತು. ಭಾರತದ ಪುರೋಹಿತರ ನೊಗವನ್ನು ಬಹಳ ಪ್ರಯಾಸದಿಂದ ಕಿತ್ತೆಸೆದು ಬಂದ ತಾನು ಅದೇ ಬಗೆಯ ಇನ್ನೊಂದು ನೊಗಕ್ಕೆ ಕೊರಳೊಡ್ಡುವುದಿಲ್ಲವೆಂದು ಅವರು ಸ್ಪಷ್ಟವಾಗಿ ಬರೆದರು. ಸಸ್ಯಾಹಾರವನ್ನೂ ಬಿಡಲಿಲ್ಲ. ಈ ಪ್ರಶ್ನೆಗಳನ್ನು ಅಹಂಕಾರವೆಂದು ಸಿಸ್ಟರ್ ಜೆರಾಲ್ಡಿನ್ ಭಾವಿಸಿದರು. ಪ್ರಾಮಾಣಿಕವಾಗಿ ಕೇಳುವವರನ್ನು ಅವಿಧೇಯರೆಂದು ಕರೆಯುವ ಆ ಅಭ್ಯಾಸ ನಮ್ಮ ಸಭೆಗಳಲ್ಲಿ ಇಂದಿಗೂ ಹೋಗಿಲ್ಲ ಎಂಬ ಮಾತನ್ನು ಇಲ್ಲಿ ಸೇರಿಸದೆ ಇರಲಾರೆ.

1886ರಲ್ಲಿ ಆನಂದಿಬಾಯಿ ಜೋಶಿಯವರು ಫಿಲಡೆಲ್ಫಿಯಾದಲ್ಲಿ ವೈದ್ಯಕೀಯ ಪದವಿ ಪಡೆಯುವುದನ್ನು ನೋಡಲೆಂದು ಅಮೆರಿಕಕ್ಕೆ ಹೋದ ರಮಾಬಾಯಿಯವರು ಅಲ್ಲಿಯೇ ಉಳಿದು, ಭಾರತದ ಮೇಲ್ಜಾತಿಯ ಹೆಂಗಸರ ಸ್ಥಿತಿಯ ಬಗ್ಗೆ ಪುಸ್ತಕ ಬರೆದು, ಊರೂರು ಸುತ್ತಿ ಭಾಷಣ ಮಾಡಿ, ವಿಧವೆಯರ ಶಾಲೆಗಾಗಿ ಹಣ ಕೂಡಿಸಿದರು. 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನ ಆರಂಭವಾಗಿ, ಮರುವರ್ಷ ಪುಣೆಗೆ ಸ್ಥಳಾಂತರವಾಯಿತು. ಕೆಲಸದಲ್ಲಿ ಯಶಸ್ಸಿತ್ತು, ಹೆಸರಿತ್ತು. ಆದರೂ ಒಳಗೆ ಏನೋ ಬರಿದಾಗಿತ್ತೆಂದು ಅವರ ಸಾಕ್ಷಿ ಹೇಳುತ್ತದೆ. ಅವರು ಕ್ರೈಸ್ತ ಸಿದ್ಧಾಂತಗಳನ್ನು ಕಲಿತಿದ್ದರು, ಪ್ರಾರ್ಥನೆಗಳನ್ನು ಹೇಳುತ್ತಿದ್ದರು, ಬೋಧೆಯನ್ನು ಬುದ್ಧಿಯಿಂದ ಒಪ್ಪಿದ್ದರು. ತಾವು ದೇವರಿಗೆ ಸಲ್ಲುವವಳೋ ಅಲ್ಲವೋ ಎಂಬ ಹಳೆಯ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿತ್ತು.

ಆ ಸಮಯದಲ್ಲಿ ವಿಲಿಯಂ ಹ್ಯಾಸ್ಲಮ್ ಎಂಬ ಇಂಗ್ಲಿಷ್ ಪಾದ್ರಿಯ ಆತ್ಮವೃತ್ತಾಂತ ಅವರ ಕೈಗೆ ಬಂತು. ದೀಕ್ಷೆ ಪಡೆದು, ಪಾದ್ರಿಯಾಗಿ, ವರ್ಷಗಟ್ಟಲೆ ಉಪದೇಶ ಮಾಡಿದ ಮೇಲೆ ತನ್ನಲ್ಲಿ ಜೀವಂತ ನಂಬಿಕೆಯೇ ಇರಲಿಲ್ಲವೆಂದು ಕಂಡುಕೊಂಡವನ ಕಥೆಯದು. ಅದನ್ನು ಓದುತ್ತ ತಮಗೆ ಬೇಕಾದದ್ದು ಕ್ರಿಸ್ತನೇ, ಅವನ ಧರ್ಮ ಮಾತ್ರವಲ್ಲ ಎಂದು ಅವರಿಗೆ ಹೊಳೆಯಿತು. ಅದರ ನಂತರ ಅವರಿಗಾದ ಅರಿವಿನ ತಿರುಳನ್ನು ಅವರು ಬಿಚ್ಚಿ ಬರೆದಿದ್ದಾರೆ: ದೇವರನ್ನು ಅರಿಯಲು ತಾನು ಲೆಕ್ಕವಿಲ್ಲದಷ್ಟು ಜನ್ಮಗಳನ್ನು ಕಳೆದು ಬ್ರಾಹ್ಮಣ ಗಂಡಾಗಿ ಹುಟ್ಟುವವರೆಗೆ ಕಾಯಬೇಕಾಗಿಲ್ಲ, ಜಾತಿಯಾಗಲಿ, ಲಿಂಗವಾಗಲಿ, ಕರ್ಮವಾಗಲಿ ಅದಕ್ಕೆ ಷರತ್ತಲ್ಲ, ರಕ್ಷಣೆ ಎಂಬುದು ಈಗಲೇ, ಇಲ್ಲಿಯೇ, ಹೆಣ್ಣಾದ ತನಗೆ ದಾನವಾಗಿ ಸಿಗುವಂಥದ್ದು. ಬರಿದಾಗದ ನಿಧಿ ಸಿಕ್ಕಿತೆಂಬ ಸಂತೋಷದಲ್ಲಿ ಅವರು ಬರೆಯುತ್ತಾರೆ. ನೆರೆಮನೆಯ ಬಾಗಿಲಲ್ಲಿ ರೊಟ್ಟಿ ಕೇಳಲಾರದೆ ನಿಂತಿದ್ದ ಹುಡುಗಿಗೆ ಮೂವತ್ತು ದಾಟಿದ ಮೇಲೆ, ಯೋಗ್ಯತೆಯನ್ನು ತೋರಿಸದೆಯೂ ಪಡೆಯಬಹುದೆಂದು ಮನದಟ್ಟಾಯಿತು. ಅವರ ಶಾಂತಿಯ ಬೇರು ಇಲ್ಲಿದೆ. ಯಾವ ಕಷ್ಟವೂ ತೀರಿದ್ದರಿಂದ ಅದು ಹುಟ್ಟಲಿಲ್ಲ. ಕಷ್ಟಗಳ ಅಡಿಯಲ್ಲಿದ್ದ, ತಾನು ಸಲ್ಲಬೇಕು, ಗೆಲ್ಲಬೇಕು, ಅರ್ಹಳೆನಿಸಬೇಕು ಎಂಬ ತಳಮಳ ನಿಂತದ್ದರಿಂದ ಅದು ಹುಟ್ಟಿತು.

ಶಾಂತಿಯ ನಂತರ ಬಂದ ಕಷ್ಟಗಳು

ಇಂಥ ಒಳಗಿನ ಬದಲಾವಣೆಯನ್ನು ಹೊರಗಿನವರು ಪರೀಕ್ಷಿಸಬಹುದಾದದ್ದು ಮುಂದಿನ ವರ್ಷಗಳ ನಡವಳಿಕೆಯಿಂದ ಮಾತ್ರ. ಮೊದಲ ಪರೀಕ್ಷೆ ಬೇಗನೆ ಬಂತು. ಶಾರದಾ ಸದನದಲ್ಲಿ ಮತಬೋಧನೆ ಇರುವುದಿಲ್ಲ, ಹುಡುಗಿಯರು ತಮ್ಮ ತಮ್ಮ ಆಚಾರಗಳನ್ನು ಪಾಲಿಸಬಹುದು ಎಂಬ ಭರವಸೆಯ ಮೇಲೆ ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆ, ರಾಮಕೃಷ್ಣ ಗೋಪಾಲ ಭಂಡಾರ್ಕರ್ ಮೊದಲಾದವರು ಅದರ ಸಲಹಾ ಮಂಡಳಿಯಲ್ಲಿದ್ದರು. ರಮಾಬಾಯಿಯವರು ತಮ್ಮ ಕೋಣೆಯ ಬಾಗಿಲು ತೆರೆದಿಟ್ಟು ಪ್ರಾರ್ಥಿಸುತ್ತಿದ್ದರು. ಕೆಲವು ಹುಡುಗಿಯರು ಬಂದು ಕುಳಿತುಕೊಳ್ಳತೊಡಗಿದರು. ತಿಲಕರ ‘ಕೇಸರಿ’ ಕಟುವಾಗಿ ಟೀಕಿಸಿತು. 1893ರಲ್ಲಿ ಮಂಡಳಿಯವರು ರಾಜೀನಾಮೆ ಕೊಟ್ಟರು, ಸುಮಾರು ಇಪ್ಪತ್ತೈದು ಹುಡುಗಿಯರನ್ನು ಅವರ ಮನೆಯವರು ಬಿಡಿಸಿಕೊಂಡು ಹೋದರು. ಆ ಮನೆಯವರ ಕಳವಳವನ್ನು ಕೇವಲ ದ್ವೇಷವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಚಿಕ್ಕ ವಯಸ್ಸಿನ ವಿಧವೆಯರು ನಿಲಯದ ಮುಖ್ಯಸ್ಥೆಯ ನಂಬಿಕೆಯತ್ತ ವಾಲುವಾಗ ಅದು ಎಷ್ಟರ ಮಟ್ಟಿಗೆ ಸ್ವತಂತ್ರ ಆಯ್ಕೆ ಎಂಬ ಪ್ರಶ್ನೆ ಗಂಭೀರವಾದದ್ದೇ. ರಮಾಬಾಯಿಯವರ ಉತ್ತರವೂ ಅಷ್ಟೇ ನೇರವಾಗಿತ್ತು: ಯಾರನ್ನೂ ಬಲವಂತ ಮಾಡುವುದಿಲ್ಲ, ಆದರೆ ತನ್ನ ಮನೆಯಲ್ಲಿ ತನ್ನ ನಂಬಿಕೆಯನ್ನು ಬಚ್ಚಿಟ್ಟೂ ಬದುಕುವುದಿಲ್ಲ.

ಇಲ್ಲಿ ಗಮನಿಸಬೇಕಾದದ್ದು ಅವರ ಸ್ವರದ ವ್ಯತ್ಯಾಸ. ಇಂಗ್ಲೆಂಡಿನಲ್ಲಿದ್ದಾಗ ಒಂದು ತಪ್ಪು ತಿಳಿವಳಿಕೆಗೆ ಹಾಳೆಗಟ್ಟಲೆ ಸಮಜಾಯಿಷಿ ಬರೆಯುತ್ತಿದ್ದವರು, ತಮ್ಮ ಸಮಾಜದ ಅತ್ಯಂತ ಗೌರವಾನ್ವಿತರು ಕೈಬಿಟ್ಟಾಗ ಹೇಳಬೇಕಾದದ್ದನ್ನು ಹೇಳಿ ಕೆಲಸಕ್ಕೆ ಮರಳಿದರು. ನೋವಾಗಲಿಲ್ಲವೆಂದಲ್ಲ, ಪುಣೆಯ ಸುಧಾರಕರ ಬಳಗ ಅವರಿಗೆ ತವರಿನಂತಿತ್ತು, ಆ ಬಿರುಕು ಅವರ ಜೀವಮಾನದಲ್ಲಿ ಪೂರ್ತಿ ಕೂಡಲೂ ಇಲ್ಲ. ಆದರೆ ಆ ಮನ್ನಣೆ ಹೋದಾಗ ಅವರು ಕುಸಿಯಲಿಲ್ಲ.

ಎರಡನೆಯ ಪರೀಕ್ಷೆ ಹೆಚ್ಚು ಆಳವಾದದ್ದು. 1896–97ರಲ್ಲಿ ಮಧ್ಯ ಪ್ರಾಂತ್ಯಗಳಲ್ಲಿ ಕ್ಷಾಮ ಬಂದಾಗ, ಇಪ್ಪತ್ತು ವರ್ಷಗಳ ಹಿಂದಿನ ತಮ್ಮ ಮನೆಯ ಸಾವುಗಳು ಅವರನ್ನು ಕಾಡಿದವು. ಶಾಲೆ ದೊಡ್ಡದಾಗಿತ್ತು, ಹಣ ಕಡಿಮೆಯಿತ್ತು, ಹೋಗದಿರಲು ಬೇಕಾದಷ್ಟು ಕಾರಣಗಳಿದ್ದವು. ಆದರೂ ಹೋದರು. ಪರಿಹಾರ ಶಿಬಿರಗಳಲ್ಲಿ ಎಲುಬಿನ ಹಂದರವಾಗಿದ್ದ ಹುಡುಗಿಯರನ್ನೂ, ಅವರನ್ನು ಕೊಂಡೊಯ್ಯಲು ಹೊಂಚು ಹಾಕಿದ್ದ ನೀಚರನ್ನೂ ಕಂಡು, ಮುನ್ನೂರರಷ್ಟು ಹೆಂಗಸರನ್ನೂ ಹುಡುಗಿಯರನ್ನೂ ಕರೆತಂದರು. ತಮ್ಮ ಕುಟುಂಬದ ಹಸಿವಿನ ಕಥೆಯನ್ನು ಲೋಕದ ಮುಂದಿಟ್ಟು ಬರೆದದ್ದು ಆ ವರ್ಷವೇ. ತಾಯಿಗಾಗಿ ಒಂದು ರೊಟ್ಟಿ ಕೇಳಲಾರದವರು ಈಗ ಕಾಣದ ಜನರಿಗೆ ಪತ್ರ ಬರೆದು ನೂರಾರು ಮಕ್ಕಳಿಗಾಗಿ ಅನ್ನ ಕೇಳುತ್ತಿದ್ದರು, ಕೇಳುವುದರಲ್ಲಿ ಅವರಿಗೆ ನಾಚಿಕೆಯಿರಲಿಲ್ಲ. ದೇವರನ್ನೇ ನೆಚ್ಚಿ ಸೇವೆ ನಡೆಸಿದ ಜಾರ್ಜ್ ಮುಲ್ಲರ್, ಹಡ್ಸನ್ ಟೇಲರ್, ಜಾನ್ ಪೇಟನ್ ಎಂಬ ಕ್ರೈಸ್ತ ಸೇವಕರ ಜೀವನಗಳನ್ನು ಓದಿ, ಬೇರೆ ದೇಶಗಳಲ್ಲಿ ಹೀಗೆ ಕರ್ತನನ್ನು ನಂಬಿ ನಡೆಯಬಹುದಾದರೆ ಭಾರತದಲ್ಲಿ ಏಕಾಗದು ಎಂದು ಅವರು ತಮ್ಮನ್ನೇ ಕೇಳಿಕೊಂಡಿದ್ದರು.

ಪುಣೆಯಲ್ಲಿ ಪ್ಲೇಗ್ ಹಬ್ಬಿ ನಗರದಲ್ಲಿ ಇಷ್ಟು ಜನರನ್ನು ಇರಿಸಿಕೊಳ್ಳುವುದು ಅಸಾಧ್ಯವಾದಾಗ, ಪುಣೆ ಜಿಲ್ಲೆಯ ಕೆಡಗಾಂವ್ ಎಂಬ ಹಳ್ಳಿಯಲ್ಲಿ ಕೊಂಡಿದ್ದ ನೂರು ಎಕರೆಯ ಬಯಲಿಗೆ ಎಲ್ಲರೂ ಸ್ಥಳಾಂತರವಾದರು. ಗುಡಿಸಲು, ಡೇರೆಗಳಿಂದ ಆರಂಭವಾದ ಮುಕ್ತಿ ಸದನ ಅದು. 1900ರ ಗುಜರಾತ್ ಕ್ಷಾಮದ ನಂತರ ಅಲ್ಲಿದ್ದವರ ಸಂಖ್ಯೆ ಎರಡು ಸಾವಿರದ ಸಮೀಪ ಬಂತು. ಬಾವಿ ತೋಡುವುದು, ಬೇಸಾಯ, ಹೈನು, ನೇಯ್ಗೆ, ಎಣ್ಣೆಯ ಗಾಣ, ಮುದ್ರಣ, ಎಲ್ಲವೂ ಅಲ್ಲಿದ್ದವು. ಕುರುಡರಿಗೆ ಬ್ರೈಲ್ ಕಲಿಸುವ ಏರ್ಪಾಡನ್ನು ಮನೋರಮಾ ಮಾಡಿದರು; ವಂಚನೆಗೊಳಗಾದ ಹೆಂಗಸರಿಗಾಗಿ ಕೃಪಾ ಸದನವಿತ್ತು. ದುಡಿಮೆಯನ್ನು ಕೀಳೆಂದು ತಿಳಿದು ಹಸಿವಿನಿಂದ ಅಳಿದ ಮನೆತನದ ಮಗಳು, ಎಲ್ಲ ಜಾತಿಯ ಹೆಂಗಸರೂ ಒಟ್ಟಾಗಿ ಕೈ ಕೆಸರು ಮಾಡಿಕೊಂಡು ಉಣ್ಣುವ ಊರೊಂದನ್ನು ಕಟ್ಟಿದರು. ಈ ಪ್ರಕರಣದಲ್ಲಿ ಶಾಂತಿ ಎಂಬುದಕ್ಕೆ ಇದಕ್ಕಿಂತ ಬಲವಾದ ಪುರಾವೆ ನನಗೆ ಕಾಣುವುದಿಲ್ಲ. ಬೋಧಕರು ಸಾಮಾನ್ಯವಾಗಿ 1905ರಲ್ಲಿ ಮುಕ್ತಿಯಲ್ಲಿ ಆದ ಉಜ್ಜೀವನವನ್ನು, ಅಂದರೆ ಸಾಮೂಹಿಕ ಆತ್ಮಿಕ ಜಾಗೃತಿಯನ್ನು, ಅವರ ಆತ್ಮಿಕ ಜೀವನದ ಶಿಖರವೆಂದು ಹೇಳುತ್ತಾರೆ. ಅದರ ಮಹತ್ವವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಒಂದು ಹಳೆಯ ಗಾಯವು ಮತ್ತೊಬ್ಬರ ಆಶ್ರಯವಾಗಿ ಮಾರ್ಪಟ್ಟದ್ದು 1897ರಲ್ಲಿ.

ಶಾಂತಿಯನ್ನು ಮರವಟ್ಟ ಮನಸ್ಸೆಂದು ತಿಳಿಯಬಾರದು. ರಮಾಬಾಯಿಯವರು ಕೊನೆಯವರೆಗೂ ಜಗಳಗಾತಿಯಾಗಿಯೇ ಉಳಿದರು ಎಂದರೆ ಅದು ಹೊಗಳಿಕೆ. ಪುಣೆಯ ಪ್ಲೇಗ್ ಆಸ್ಪತ್ರೆಯ ವ್ಯವಸ್ಥೆಯಲ್ಲಿ ಹೆಣ್ಣುಮಕ್ಕಳಿಗಾದ ಅನ್ಯಾಯವನ್ನು ಅವರು 1897ರಲ್ಲಿ ಬಹಿರಂಗವಾಗಿ ಖಂಡಿಸಿದರು. ಯಾವ ಒಂದು ಪಂಗಡದ ಸಭೆಗೂ ಮುಕ್ತಿಯನ್ನು ಒಪ್ಪಿಸಲಿಲ್ಲ. ದೇವರು ಕೊಟ್ಟದ್ದೆಂದು ಅನ್ಯಾಯವನ್ನು ಸಹಿಸಿಕೊಳ್ಳುವುದೇ ಕ್ರೈಸ್ತ ತಾಳ್ಮೆ ಎಂದು ಬೋಧಿಸುವವರಿಗೆ ಅವರ ಬದುಕು ಬೆಂಬಲ ಕೊಡುವುದಿಲ್ಲ.

ಕೊನೆಯ ವರ್ಷಗಳು

ಕಿವಿ ಕೇಳುವುದು ಕ್ರಮೇಣ ತೀರ ಕಡಿಮೆಯಾಯಿತು. ಭಾಷಣಗಳಿಂದ ದೇಶವಿದೇಶಗಳನ್ನು ಗೆದ್ದವರಿಗೆ ಇದು ಸಣ್ಣ ನಷ್ಟವಲ್ಲ. ಆ ನಿಶ್ಶಬ್ದದ ವರ್ಷಗಳಲ್ಲಿ ಅವರು ಕೈಗೆತ್ತಿಕೊಂಡದ್ದು ಸತ್ಯವೇದದ ಮರಾಠಿ ಅನುವಾದವನ್ನು. ಆಗ ಬಳಕೆಯಲ್ಲಿದ್ದ ಅನುವಾದ ಹಳ್ಳಿಯ ಹೆಂಗಸರಿಗೆ ಎಟುಕುತ್ತಿರಲಿಲ್ಲ. ಅದಕ್ಕಾಗಿ ಅವರು ಇಬ್ರಿಯ ಮತ್ತು ಗ್ರೀಕ್ ಅಭ್ಯಾಸಮಾಡಿದರು. ಕೆಲಸ ಒಂದೂವರೆ ದಶಕಕ್ಕೂ ಹೆಚ್ಚು ಕಾಲ ನಡೆಯಿತು. ಈ ನಡುವೆ ನಿಜಾಮನ ಸೀಮೆಯಲ್ಲಿದ್ದ ಗುಲ್ಬರ್ಗದಲ್ಲಿಯೂ ಅವರ ಸಂಸ್ಥೆಯ ಕ್ರೈಸ್ತ ಶಾಲೆ ಆರಂಭವಾಗಿ, ಮನೋರಮಾ ಅದರ ಹೊಣೆ ಹೊತ್ತರು.

ಮುಕ್ತಿಯ ಭಾರವನ್ನೆಲ್ಲ ಮಗಳ ಹೆಗಲಿಗೆ ಒಪ್ಪಿಸುವ ಸಿದ್ಧತೆ ನಡೆದಿತ್ತು. 1921ರ ಜುಲೈ 24ರಂದು ಮನೋರಮಾ ತೀರಿಕೊಂಡರು, ವಯಸ್ಸು ನಲವತ್ತು. ತಂದೆ, ತಾಯಿ, ಅಕ್ಕ, ಅಣ್ಣ, ಗಂಡ, ಈಗ ಒಬ್ಬಳೇ ಮಗಳು. ರಕ್ತಸಂಬಂಧದಲ್ಲಿ ಅವರಿಗೆ ಯಾರೂ ಉಳಿಯಲಿಲ್ಲ. ನಂಬಿಕೆಯು ಕಷ್ಟವನ್ನು ತಪ್ಪಿಸುತ್ತದೆ ಎಂಬ ಬೋಧನೆಗೆ ಈ ದಿನಾಂಕದ ಮುಂದೆ ಉತ್ತರವಿಲ್ಲ. ನಂಬಿಕೆ ಕಷ್ಟದ ನೋವನ್ನು ಅಳಿಸುತ್ತದೆ ಎಂಬ ಮಾತನ್ನೂ ನಾನು ಆಡಲಾರೆ. ಮಗಳನ್ನು ಕಳೆದುಕೊಂಡ ತಾಯಿಯ ದುಃಖ ದುಃಖವೇ. ಆದರೆ ದೇವರ ಕೈಗೆ ಒಪ್ಪಿಸಿದ್ದೇನೆ ಎಂದಿದ್ದ ತಂದೆಯ ಮಾತಿನ ಅರ್ಥವನ್ನು ಬೇರೊಂದು ಹೆಸರಿನಲ್ಲಿ ಕಂಡುಕೊಂಡಿದ್ದ ಆ ಮಗಳಿಗೆ, ತಾನು ಕೈಬಿಡಲ್ಪಟ್ಟವಳಲ್ಲ ಎಂಬ ವಿಷಯದಲ್ಲಿ ಈ ಬಾರಿ ಸಂದೇಹವಿರಲಿಲ್ಲ. ಝೇಲಂ ದಂಡೆಯಲ್ಲಿ ಅವರ ವಿಶ್ವಾಸವನ್ನು ಕದಲಿಸಿದ ಪ್ರಶ್ನೆ ಮುಕ್ತಿಯಲ್ಲಿ ಹಾಗೆ ಕದಲಿಸಲಿಲ್ಲ. ಅವರು ಸಂಸ್ಥೆಯ ಮುಂದಿನ ಹೊಣೆಯನ್ನು ಬೇರೆಯವರಿಗೆ ಒಪ್ಪಿಸುವ ಏರ್ಪಾಡು ಮಾಡಿ, ಅನುವಾದದ ಕರಡು ತಿದ್ದುವುದನ್ನು ಮುಂದುವರಿಸಿ ಮುಗಿಸಿದರು. 1922ರ ಏಪ್ರಿಲ್ 5ರಂದು ನಿಧನರಾದರು. ಮುಕ್ತಿಯ ಮುದ್ರಣಾಲಯದಲ್ಲಿ ಅಕ್ಷರ ಜೋಡಿಸುತ್ತಿದ್ದವರು ಅಲ್ಲಿಯೇ ಓದು ಕಲಿತ ಹೆಂಗಸರು. ಅವರ ಕೈಯಿಂದಲೇ ಆ ಮರಾಠಿ ಸತ್ಯವೇದ ಪೂರ್ಣವಾಗಿ ಅಚ್ಚಾಗಿ 1924ರಲ್ಲಿ ಹೊರಬಂತು.